ಬಲಕ್ಕೆ ಹೋಗುವ ಬಾಣ

ನನಗೊಂದು ಕೆಟ್ಟ ಚಾಳಿ ಇದೆ. ಯಾವುದಾದರೂ ‘ಯಾಕೆ ಹೀಗೆ’ ಅಂತ ತಲೆಗೆ ಹೊಕ್ಕರೆ, ಗೊತ್ತಾಗುವ ತನಕ ಊಟ ಸೇರುವುದಿಲ್ಲ. ಜಪಾನಿನ ಸೆಂಡಾಯ್‌ಗೆ ಬಂದು ನಾಲ್ಕು ವರ್ಷವಾಯಿತು. ಯೂನಿವರ್ಸಿಟಿ ಲ್ಯಾಬಿನಲ್ಲಿ ಬಿದಿರು ಎಷ್ಟು ಬಗ್ಗುತ್ತೆ, ಯಾವಾಗ ಮುರಿಯುತ್ತೆ ಅಂತ ಅಳೆಯುವುದು ನನ್ನ ಕೆಲಸ. ಒಳ್ಳೆ ಬಿದಿರು ಹುಡುಕಿಕೊಂಡು ಹೋದಾಗಲೇ ಒನೊದೆರಾ ಸಾನ್ ಪರಿಚಯವಾದದ್ದು.

ಊರಾಚೆ ಗುಡ್ಡದ ಬುಡದಲ್ಲಿ ಅವರ ಶೆಡ್ಡು. ವಯಸ್ಸು ಎಪ್ಪತ್ತೆಂಟು. ಹಳೇ ಕಾಲದ ಬೇಟೆಯ ಬಿಲ್ಲಿನ ಮಾದರಿಯಲ್ಲಿ ಒಂದು ಗಿಡ್ಡ ಬಿಲ್ಲು ಮಾಡಿಕೊಂಡು, ನಲವತ್ತು ವರ್ಷದಿಂದ ಅದಕ್ಕೆ ತಾವೇ ಬಾಣ ಮಾಡುತ್ತಿದ್ದರು. ಬೇಟೆಗೀಟೆ ಏನಿಲ್ಲ, ಬಿಲ್ಲಿನಿಂದ ಬೇಟೆಯಾಡಿದರೆ ಇಲ್ಲಿ ಪೊಲೀಸರು ಬರುತ್ತಾರೆ. ಹುಲ್ಲಿನ ಕಟ್ಟಿಗೆ ಹೊಡೆಯುವುದು, ಅಷ್ಟೇ. ಹೋದ ಚಳಿಗಾಲ ಲಕ್ವ ಹೊಡೆದು ಅವರ ಕೈ ಸೋತಿತ್ತು. ಬರುವ ಭಾನುವಾರ ಶೆಡ್ಡು ಖಾಲಿ ಮಾಡಿ ಯೋಕೋಹಾಮಾದ ಮಗಳ ಮನೆಗೆ ಹೊರಡುವವರಿದ್ದರು. ಅದು ಹದಿನಾಲ್ಕನೇ ಮಹಡಿ. ಅಲ್ಲಿ ಬಾಣ ಬಿಡುವ ಮಾತೇ ಇಲ್ಲ.

ಕೈ ಸೋಲುವ ಮುಂಚೆ ಮಾಡಿದ್ದ ಮೂರೇ ಮೂರು ಬಾಣ ಉಳಿದಿದ್ದವು. ಇನ್ನೂ ಗರಿ ಕಟ್ಟಿರಲಿಲ್ಲ. ಅವನ್ನು ನನ್ನ ಮುಂದಿಟ್ಟು ಹೇಳಿದರು: “ಕೃಪಾ ಸಾನ್, ಎಳೆಯುವವನ ಕಣ್ಣು ಗುರಿಯ ಮೇಲೇ ಇರುತ್ತದೆ, ಬಾಣದ ಮೇಲೆ ಇರುವುದಿಲ್ಲ. ಈ ಬಿಲ್ಲನ್ನು ನನ್ನ ಬಿಟ್ಟು ಬೇರೆ ಯಾರೂ ಎಳೆದಿಲ್ಲ. ಅಂದರೆ ನನ್ನ ಬಾಣ ಹೇಗೆ ಹಾರುತ್ತದೆ ಅಂತ ನಾನು ಒಂದು ಸಲವೂ ಕಂಡಿಲ್ಲ. ಶನಿವಾರದೊಳಗೆ ಇವನ್ನು ಹದಕ್ಕೆ ತರುತ್ತೀರಾ? ಹೊರಡುವ ಮುಂಚೆ ನೋಡಬೇಕು.”

ಬಿಲ್ಲನ್ನು ಕೈಗೆ ಕೊಟ್ಟರು. ಕೈಗೆ ಹೇಗೆ ಕೂತಿತೋ ಹಾಗೆ ಹಿಡಿದು ಎಳೆದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ ತಲೆ ಆಡಿಸಿದರು, ಏನೂ ಹೇಳಲಿಲ್ಲ. ಜಪಾನಿನಲ್ಲಿ ಹೇಳದೆ ಬಿಟ್ಟದ್ದೇ ಜಾಸ್ತಿ ಇರುತ್ತೆ ಅಂತ ನಾಲ್ಕು ವರ್ಷದಲ್ಲಿ ನಾನು ಕಲಿಯಬೇಕಿತ್ತು.

ಬಾಣ ಹದ ಮಾಡುವುದು ಅಂದರೆ ಏನು? ಹೆದೆ ಬಿಟ್ಟ ಕ್ಷಣ ಬಾಣ ನೆಟ್ಟಗೆ ಹೋಗುವುದಿಲ್ಲ, ಬಿಲ್ಲಿನ ಪಕ್ಕದಲ್ಲಿ ಹಾವಿನ ಹಾಗೆ ಬಳುಕಿಕೊಂಡು ದಾಟುತ್ತೆ. ಕಡ್ಡಿ ತೀರಾ ಮೆತ್ತಗಿದ್ದರೆ ಒಂದು ಕಡೆ ವಾಲುತ್ತೆ, ತೀರಾ ಬಿರುಸಾಗಿದ್ದರೆ ಇನ್ನೊಂದು ಕಡೆ. ಗರಿ ಕಟ್ಟಿದರೆ ಈ ತಪ್ಪೆಲ್ಲ ಮುಚ್ಚಿಹೋಗುತ್ತೆ. ಅದಕ್ಕೇ ಮೊದಲು ಗರಿಯಿಲ್ಲದೆ ಬಿಟ್ಟು ನೋಡಬೇಕು. ಮೆತ್ತಗಿದ್ದರೆ ಕಡ್ಡಿಯನ್ನು ಗಿಡ್ಡ ಮಾಡಬೇಕು, ಬಿರುಸಾಗಿದ್ದರೆ ಭಾರದ ಮೊನೆ ಹಾಕಬೇಕು. ಇದೆಲ್ಲ ನೆಟ್‌ನಲ್ಲಿ ಸಿಕ್ಕಿದ ಒಂದು ಚಾರ್ಟಿನಲ್ಲಿತ್ತು. ನಾನು ಅದನ್ನು ಪ್ರಿಂಟ್ ಹಾಕಿಕೊಂಡು ಶೆಡ್ಡಿನ ಗೋಡೆಗೆ ಅಂಟಿಸಿಯೂ ಬಿಟ್ಟೆ.

ಗುರುವಾರ ಒನೊದೆರಾ ಸಾನ್ ಆಸ್ಪತ್ರೆಗೆ ಹೋಗಿದ್ದರು. ನನ್ನ ಲ್ಯಾಬಿನ ಹರಿಪ್ರಸಾದ, ಮೈಸೂರಿನವನು, ಫೋನಿನಲ್ಲಿ ವಿಡಿಯೋ ತೆಗೆಯಲು ಜೊತೆಗೆ ಬಂದ. ಹತ್ತು ಹೆಜ್ಜೆ ದೂರದಿಂದ ಬಿಟ್ಟೆ. ಬಾಣ ಗುರಿಯಿಂದ ಒಂದು ಗೇಣು ಬಲಕ್ಕೆ ಹೋಗಿ ಓರೆಯಾಗಿ ನಾಟಿತು. ಇನ್ನೆರಡನ್ನೂ ಬಿಟ್ಟೆ. ಅವೂ ಅಲ್ಲಿಗೇ ಹೋದವು.

“ಬಲಕ್ಕೆ ಅಂದ್ರೆ ಮೆತ್ತಗೆ ಅಂತಿದೆ ಇಲ್ಲಿ. ಕಟ್ ಮಾಡ್ಬೇಕು,” ಅಂದ ಹರಿಪ್ರಸಾದ ಗೋಡೆ ನೋಡುತ್ತ.

ಅಂಟು ಕಾಸಿ ಒಂದರ ಮೊನೆ ಬಿಚ್ಚಿದೆ. ಒಂದು ಬೆರಳಗಲ ಕುಯ್ದು, ಮೊನೆ ಅಂಟಿಸಿ ಬಿಟ್ಟೆ. ಇನ್ನೂ ಬಲಕ್ಕೆ ಹೋಯಿತು. ಸಾಲದೇನೋ ಅಂತ ಇನ್ನೊಂದು ಬೆರಳಗಲ ತೆಗೆದೆ. ಮತ್ತಷ್ಟು ಬಲಕ್ಕೆ. ನನಗೆ ಹಟ ಬಂತು. ಮೂರನೇ ಸಲ ಕುಯ್ದು ಎಳೆದರೆ, ಬಾಣದ ಮೊನೆ ಬಿಲ್ಲನ್ನೇ ದಾಟಿ ಒಳಗೆ ಬಂದು ನನ್ನ ಕೈ ಮೇಲೆ ಬಿತ್ತು. ಅಷ್ಟು ಗಿಡ್ಡವಾಗಿತ್ತು. ಅದು ಇನ್ನು ಯಾವ ಬಿಲ್ಲಿಗೂ ಆಗುವುದಿಲ್ಲ.

“ಎರಡನೇದು ಕೊಡ್ರೀ,” ಅಂದೆ.

“ಏನ್ರೀ ಕೃಪಾ, ತಲೆ ನೆಟ್ಟಗಿದ್ಯಾ? ಅವರು ಇನ್ನು ಮಾಡಕ್ಕಾಗಲ್ಲ, ಗೊತ್ತಲ್ವಾ?” ಹರಿಪ್ರಸಾದ ನನ್ನ ಕೈಯಿಂದ ಗರಗಸ ಕಿತ್ತುಕೊಂಡ.

ನಾಲ್ಕು ವರ್ಷದಿಂದ ಬಿದಿರು ಬಗ್ಗಿಸುತ್ತಿರುವವಳು ನಾನು. ನಲವತ್ತು ವರ್ಷದ ಕೈ ಮಾಡಿದ್ದನ್ನು ಅರ್ಧ ಗಂಟೆಯಲ್ಲಿ ಸೌದೆ ಮಾಡಿದ್ದೆ. ಶುಕ್ರವಾರ ಇಡೀ ದಿನ ವಿಡಿಯೋ ನಿಧಾನ ಮಾಡಿ ನೋಡಿದೆ. ಒನೊದೆರಾ ಸಾನ್ ಎಳೆಯುವಷ್ಟು ನಾನು ಎಳೆಯುತ್ತಿರಲಿಲ್ಲ. ಕಮ್ಮಿ ಎಳೆದರೆ ಕಡ್ಡಿಗೆ ಬೀಳುವ ನೂಕು ಕಮ್ಮಿ. ಅಂದಮೇಲೆ ಅವರ ಬಾಣ ನನ್ನ ಕೈಗೆ ಬಿರುಸಾಗಬೇಕು, ಮೆತ್ತಗಾಗುವುದು ಹೇಗೆ? ಲೆಕ್ಕ ಒಂದು ಹೇಳುತ್ತೆ, ಚಾರ್ಟು ಇನ್ನೊಂದು ಹೇಳುತ್ತೆ. ರಾತ್ರಿ ಅನ್ನ ಕಲಸಿ ಹಾಗೇ ಬಿಟ್ಟು ಎದ್ದೆ.

ಶನಿವಾರ ಬೆಳಿಗ್ಗೆ ಮೋಟು ಬಾಣವನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನಿಂತೆ. ಸುಮಿಮಾಸೆನ್, ಅಂದರೆ ಕ್ಷಮಿಸಿ, ಅಂತ ಹೇಳಲು ಹೋದವಳು ತಡೆದೆ. ಇಲ್ಲಿ ಕಾಲು ತುಳಿದರೂ ಅದೇ ಮಾತು, ಬಸ್ಸಿನಲ್ಲಿ ದಾರಿ ಕೇಳಿದರೂ ಅದೇ ಮಾತು. ಇದಕ್ಕೂ ಅದನ್ನೇ ಹೇಳಲು ನಾಚಿಕೆಯಾಯಿತು. ಹೇಗೋ ಎಲ್ಲ ಹೇಳಿ ಮುಗಿಸಿದೆ.

ಅವರು ಬಾಣ ನೋಡಲಿಲ್ಲ. ಗೋಡೆಯ ಮೇಲಿದ್ದ ಚಾರ್ಟಿನ ಹತ್ತಿರ ಹೋಗಿ ಅದರಲ್ಲಿದ್ದ ಮನುಷ್ಯನ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಕೃಪಾ ಸಾನ್, ಊಟ ಯಾವ ಕೈಯಲ್ಲಿ ಮಾಡುತ್ತೀರಿ?”

“ಬಲಗೈಯಲ್ಲಿ.”

“ಬರೆಯುವುದು?”

“ಅದೂ ಬಲಗೈಯೇ.”

“ಬಿಲ್ಲು ಎಳೆಯುವುದು?”

ನಾನು ನನ್ನ ಎರಡೂ ಕೈ ನೋಡಿಕೊಂಡೆ. ಬಿಲ್ಲು ಹಿಡಿಯುತ್ತಿದ್ದದ್ದು ಬಲಗೈ. ಹೆದೆ ಎಳೆಯುತ್ತಿದ್ದದ್ದು ಎಡಗೈ. ಚಾರ್ಟಿನಲ್ಲಿದ್ದವನು ಎಳೆಯುತ್ತಿದ್ದದ್ದು ಬಲಗೈಯಲ್ಲಿ. ಅವನಿಗೆ ಬಲ ಅಂದರೆ ಮೆತ್ತಗೆ. ನನಗೆ ಎಲ್ಲ ತಿರುಗಾಮುರುಗಾ, ಬಲ ಅಂದರೆ ಬಿರುಸು. ಬಿರುಸಾದದ್ದನ್ನು ಕುಯ್ದು ಕುಯ್ದು ಇನ್ನೂ ಬಿರುಸು ಮಾಡಿದ್ದೆ.

ಚಿಕ್ಕವಳಿದ್ದಾಗ ಎಡಗೈಯಲ್ಲಿ ತುತ್ತೆತ್ತಿದರೆ ನಮ್ಮಜ್ಜಿ ಕೈ ಮೇಲೆ ಸೌಟಿನಿಂದ ಬಾರಿಸುತ್ತಿದ್ದರು. ನಾನು ಎಡಚಿ ಅನ್ನುವುದು ನನಗೇ ಮರೆತುಹೋಗುವಷ್ಟು ಚೆನ್ನಾಗಿ ತಿದ್ದಿದ್ದರು. ಅದನ್ನು ಒನೊದೆರಾ ಸಾನ್‌ಗೆ ಹೇಳಿದೆ.

“ನನ್ನ ತಂದೆ ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿಹಾಕುತ್ತಿದ್ದರು,” ಅಂದರು ಅವರು. “ಬಿಲ್ಲು ಕಲಿಸುವ ಶಾಲೆಯಲ್ಲೂ ಎಡಗೈಗೆ ಜಾಗವಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ, ಒಂದೇ ಕಡೆ ಮುಖ ಮಾಡಿ ನಿಲ್ಲಬೇಕಲ್ಲ. ನೀನು ಎಳೆದರೆ ವಕ್ರವಾಗಿ ಕಾಣುತ್ತದೆ ಅಂತ ಗುರುಗಳು ಅಂದರು. ಬಿಟ್ಟುಬಂದೆ. ಇದನ್ನು ಮಾಡಿಕೊಂಡೆ.” ಬಿಲ್ಲಿನ ಬಲಪಕ್ಕದಲ್ಲಿ ಬಾಣ ಕೂರಲೆಂದು ಕೊರೆದ ಜಾಗವನ್ನು ಬೆರಳಿನಿಂದ ತೋರಿಸಿದರು. “ನೀವು ಇದನ್ನು ಹಿಡಿದದ್ದು ನೋಡಿಯೇ ಬಾಣಗಳನ್ನು ನಿಮ್ಮ ಕೈಗೊಪ್ಪಿಸಿದೆ. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ, ಮೊನೆಗಳ ಡಬ್ಬಿ ತಂದು ನನ್ನ ಮುಂದಿಟ್ಟರು ಅಷ್ಟೇ.

ಉಳಿದದ್ದು ಎರಡು ಬಾಣ. ಒಂದಕ್ಕೆ ಸ್ವಲ್ಪ ಭಾರದ ಮೊನೆ ಹಾಕಿ ಬಿಟ್ಟೆ. ಗೇಣು ಇದ್ದದ್ದು ನಾಲ್ಕು ಬೆರಳಿಗೆ ಇಳಿಯಿತು. ಅದಕ್ಕಿಂತ ಭಾರದ್ದು ಹಾಕಿದೆ. ಎರಡು ಬೆರಳು. ಡಬ್ಬಿಯ ತಳದಲ್ಲಿ ದಪ್ಪನೆಯ ಹಿತ್ತಾಳೆ ಮೊನೆ ಒಂದಿತ್ತು. ಅದನ್ನು ಅಂಟಿಸಿ ಬಿಟ್ಟಾಗ ಬಾಣ ಹುಲ್ಲಿನ ಕಟ್ಟಿನ ನಡುವೆ, ಸ್ವಲ್ಪವೂ ಓರೆಯಾಗದೆ ನಾಟಿತು.

“ಗರಿ ಕಟ್ಟಲಾ?” ಕೇಳಿದೆ.

“ಈಗ ಬೇಡ. ಗರಿಯಿಲ್ಲದೆಯೇ ನೋಡುತ್ತೇನೆ,” ಅಂದರು.

ನನ್ನ ಬೆನ್ನ ಹಿಂದೆ ಮೆಟ್ಟಿಲಿನಂಥ ಸ್ಟೂಲು ಹಾಕಿಸಿಕೊಂಡು, ಗೋಡೆ ಹಿಡಿದು ಹತ್ತಿ ನಿಂತರು. ನನ್ನ ತಲೆಯ ಮೇಲಿಂದ ನೋಡಿದರೆ ಬಳುಕು ಕಾಣುತ್ತದಂತೆ. ಬಿದ್ದುಬಿಟ್ಟಾರು ಅಂತ ನನಗೆ ಜೀವ ಹಿಡಿಯಾಗಿತ್ತು. ಹೆದೆ ಎಳೆದೆ, ಬಿಟ್ಟೆ.

ತಿರುಗಿ ನೋಡಲು ಧೈರ್ಯ ಬರಲಿಲ್ಲ. ಬಾಣ ಕಿತ್ತುತಂದು ಮತ್ತೆ ಬಿಟ್ಟೆ. ಮತ್ತೆ ತಂದೆ, ಮತ್ತೆ ಬಿಟ್ಟೆ. ಬೆರಳ ಚರ್ಮ ಉರಿಯುತ್ತಿತ್ತು. ಐದನೇ ಸಲವೋ ಆರನೇ ಸಲವೋ ಅವರ ದನಿ ಕೇಳಿತು.

“ನೆಟ್ಟಗೇ ಹೋಗುತ್ತದೆ,” ಅಂದರು. “ಎಡಗೈಯದ್ದೂ ನೆಟ್ಟಗೇ ಹೋಗುತ್ತದೆ.”

ಅದು ನನಗೆ ಹೇಳಿದ್ದಲ್ಲ. ತಿರುಗಿ ನೋಡಿದೆ. ಎಪ್ಪತ್ತೆಂಟು ವರ್ಷದ ಮನುಷ್ಯ, ಸ್ಟೂಲಿನ ಮೇಲೆ ನಿಂತು, ಅಪ್ಪನಿಗೆ ಉತ್ತರ ಕೊಡುತ್ತಿದ್ದರು.