ಹನ್ನೆರಡನೆಯ ಜೋಡಿ ಕಾಲು

“ಕಾಲೆತ್ತು, ನೋಡೋಣ,” ಎಂದರು ಪಾದ್ರಿ.

ಚರ್ಚಿನ ಕಕ್ಕಸು ತೊಳೆಯುವ ಬಕೆಟ್ಟಮ್ಮ ಪಾದ್ರಿಯ ಕೋಣೆಯ ಗೋಡೆ ಹಿಡಿದುಕೊಂಡು ಒಂದು ಕಾಲೆತ್ತಿ ತೋರಿಸಿದಳು. ಪಾದ್ರಿ ಕನ್ನಡಕ ಸರಿಮಾಡಿಕೊಂಡು, ಎತ್ತಿನ ಗೊರಸು ನೋಡುವವರ ಹಾಗೆ ಬಗ್ಗಿ ನೋಡಿದರು. ಒಡೆದ ಹಿಮ್ಮಡಿ, ಕಪ್ಪಗಾದ ಉಗುರು, ಬೆರಳ ಸಂದಿಯಲ್ಲಿ ಫಿನಾಯಿಲು ತಿಂದ ಚರ್ಮ.

“ಥೂ, ಇದೇನಮ್ಮ ಇದು! ಗುರುವಾರ ಬಿಷಪ್ ಬರ್ತಾರೆ. ಚೆನ್ನಾಗಿ ಉಜ್ಜಿ ತೊಳ್ಕೊಂಡು ಬಾ.”

“ತೊಳೆಯೋದು ನೀವಲ್ವಾ ಅಯ್ಯನೋರೆ?”

“ನಾನು ತೊಳೆಯೋದು ಪ್ರೀತಿಗೆ ಕಣಮ್ಮ. ಕೊಳೆ ತೆಗೆಯೋಕಲ್ಲ.”

ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪಾದ್ರಿ ವರ್ಷಕ್ಕೊಮ್ಮೆ, ಈಸ್ಟರಿಗೆ ಮುಂಚಿನ ಗುರುವಾರ, ಹನ್ನೆರಡು ಜನರ ಕಾಲು ತೊಳೆಯುತ್ತಿದ್ದರು. ಬ್ಯಾಂಕಿನವರದು, ಡಾಕ್ಟರದು, ಎಲ್ಲ ಕಾಲುಚೀಲದೊಳಗೆ ಬೆಳೆದ ಕಾಲುಗಳು. ಈ ಸಲ ಅವುಗಳ ಸಾಲಿಗೆ ಬಕೆಟ್ಟಮ್ಮನನ್ನೂ ಸೇರಿಸಿದ್ದು ದೇವರು ಕನಸಿನಲ್ಲಿ ಬಂದು ಹೇಳಿದ್ದಕ್ಕಲ್ಲ. ಅದಕ್ಕೆ ಕಾರಣ ಒಂದು ಕಪಾಳಮೋಕ್ಷ.

ಅವತ್ತು ಭಾನುವಾರ ಹಿಂದಿನ ಬೆಂಚುಗಳು ತುಂಬಿ, ಅವಳು ಮೊದಲ ಬೆಂಚಿನ ತುದಿಗೆ ಕುಂಡಿ ಊರಿದ್ದಳು. ಅದು ಸಭೆಯ ಹಿರಿಯನ ಮನೆಯವರು ಕೂರುವ ಬೆಂಚು. ಹಿರಿಯ ಎಂದರೆ ಕಟ್ಟಡದ ಗುತ್ತಿಗೆದಾರ, ಚರ್ಚಿನ ಗೋಪುರ ಕಟ್ಟಿಸಿದವನು. ಅವನು ಒಂದು ಕೈಯಲ್ಲಿ ಹಾಡಿನ ಪುಸ್ತಕ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬಾರಿಸಿದ. ಹಾಡು ನಿಲ್ಲಲಿಲ್ಲ.

ಅವಳು ಸಭಾ ಸಮಿತಿಗೆ ದೂರು ಕೊಟ್ಟಳು. ಸಮಿತಿಯ ಅಧ್ಯಕ್ಷನೂ ಆ ಹಿರಿಯನೇ.

“ದೂರು ಯಾರ ಮೇಲೆ?” ಎಂದ.

“ನಿಮ್ಮ ಮೇಲೆ.”

“ಸರಿ, ವಿಚಾರಣೆ ಮಾಡೋಣ,” ಎಂದು ದೊಡ್ಡ ಕುರ್ಚಿ ಎಳೆದುಕೊಂಡು ಕೂತ. “ಹೊಡೆದದ್ದನ್ನ ಯಾರು ನೋಡಿದ್ರು?”

ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದ್ದೆವು ಎಂದರು ಸಮಿತಿಯವರು. ಹಾಡು ಹೇಳುವಾಗ ಯಾವನು ಕಣ್ಣು ಮುಚ್ಚುತ್ತಾನೆ ಎಂದು ಅವಳು ಕೇಳಿದ್ದಕ್ಕೆ ಬಾಯಿ ಜೋರು ಎಂದು ಹೊರಗೆ ಕಳಿಸಿದರು.

ಅವಳು ಬಿಡಲಿಲ್ಲ. “ಎಲ್ಲರ ಮುಂದೆ ಹೊಡೆದ್ರು. ಎಲ್ಲರ ಮುಂದೆ ತಪ್ಪಾಯ್ತು ಅನ್ಲಿ. ಇಲ್ಲ ಅಂದ್ರೆ ಬಿಷಪ್ ಹತ್ರ ಹೋಗ್ತೀನಿ,” ಎಂದಳು. ಆಗ ಪಾದ್ರಿಗೆ ಉಪಾಯ ಹೊಳೆಯಿತು. ಬಿಷಪ್ಪರ ಎದುರಿಗೇ ಇವಳ ಕಾಲು ತೊಳೆದು ಒಂದು ಫೋಟೋ ತೆಗೆಸಿದರೆ ದೂರೂ ತೊಳೆದುಹೋಗುತ್ತದೆ. ಒಪ್ಪದಿದ್ದರೆ ಪೊರಕೆ ಇನ್ನೊಬ್ಬರ ಕೈಗೆ ಹೋಗುತ್ತದೆ ಎಂದೂ ಮೆಲ್ಲಗೆ ತಿಳಿಸಿದರು.

ಮನೆಯಲ್ಲಿ ನಾದಿನಿ ಅವಳ ಹಿಮ್ಮಡಿಗೆ ಕಲ್ಲು ಹಾಕಿ ಉಜ್ಜಿದಳು. “ಅತ್ತಿಗೆ, ನಿನ್ನ ಕಾಲಿಗೇನೋ ಯೋಗ ಬಂತು. ಕೆನ್ನೆಗೆ ಯಾವಾಗ ಬರುತ್ತೋ!” ಬಕೆಟ್ಟಮ್ಮ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಅಳು ಬಂದುಬಿಟ್ಟಿತು. ಹೊಡೆತಕ್ಕಿಂತ ಆ ನಿಲ್ಲದ ಹಾಡು ಅವಳಿಗೆ ಹೆಚ್ಚು ನೋವು ಕೊಟ್ಟಿತ್ತು.

ಗುರುವಾರ ಬೆಳಿಗ್ಗೆ ಚರ್ಚಿನ ಹಿಂದಿನ ಚರಂಡಿ ಕಟ್ಟಿಕೊಂಡು ಉಕ್ಕಿತು. ಹಿರಿಯ ಮೂಗು ಮುಚ್ಚಿಕೊಂಡು ಬಂದ.

“ಬಿಷಪ್ ಬರೋ ಹೊತ್ತಿಗೆ ಗಬ್ಬು ನಾರ್ತಿದೆ. ಇಳಿಯೇ ಮುಂಡೇದೆ!”

“ಕಾಲು ತೊಳ್ಕೊಂಡಿದೀನಿ ಸ್ವಾಮಿ.”

“ನಿನ್ನ ಕಾಲೇನು ಬಂಗಾರದ್ದಾ?”

ಇಳಿದಳು. ಕಟ್ಟಿದ್ದು ಬಿಡುವಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು. ಪಕ್ಕದಲ್ಲೇ ನಲ್ಲಿ ಇತ್ತು. ಅವಳು ನಲ್ಲಿಯನ್ನು ನೋಡಿದಳು, ಕಾಲು ನೋಡಿಕೊಂಡಳು, ಹಾಗೇ ಒಳಕ್ಕೆ ನಡೆದಳು.

ಹನ್ನೊಂದು ಜನರ ಕಾಲು ತೊಳೆದಾಗಿತ್ತು. ಅವಳು ಹನ್ನೆರಡನೆಯ ಕುರ್ಚಿಯಲ್ಲಿ ಕೂತು ಬಲಗಾಲನ್ನು ಬೋಗುಣಿಗೆ ಇಟ್ಟಳು. ನೀರು ಕಪ್ಪಾಯಿತು. ಬಿಷಪ್ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಎದೆಗೆ ಮೈಕು ಸಿಕ್ಕಿಸಿಕೊಂಡು ಮಂಡಿಯೂರಿದ್ದ ಪಾದ್ರಿ ಮೂರೇ ಬೆರಳಲ್ಲಿ ನೀರು ಚಿಮುಕಿಸಿದರು. ಹಿರಿಯ ಪಕ್ಕದಲ್ಲಿ ನೀರಿನ ಜಗ್ಗು ಹಿಡಿದು ನಿಂತಿದ್ದ.

“ನೀವೇಳಿ ಅಯ್ಯನೋರೆ,” ಎಂದಳು ಬಕೆಟ್ಟಮ್ಮ. “ಜಗ್ಗು ಹಿಡ್ಕೊಂಡವರು ಕೂತ್ಕೊಳ್ಲಿ. ತಪ್ಪಾಯ್ತು ಅನ್ಲಿ, ತೊಳೀಲಿ.”

ಹಿರಿಯ ಗುಟ್ಟು ಹೇಳುವವನಂತೆ ಬಗ್ಗಿದ. “ಏಳೇ ಬೋಳಿಮುಂಡೆ. ಅವತ್ತು ಒಂದೇ ಬಿಟ್ಟಿದ್ದೆ, ಇವತ್ತು ಹಲ್ಲು ಉದುರಿಸ್ತೀನಿ.”

ಪಾದ್ರಿಯ ಎದೆಯ ಮೈಕು ಅದನ್ನು ಒಂದಕ್ಷರವೂ ಬಿಡದೆ ಇಡೀ ಚರ್ಚಿಗೆ ಹಂಚಿತು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತರು.

“ಕಣ್ಣಂತೂ ಮುಚ್ಚಿತ್ತು,” ಎಂದಳು ಬಕೆಟ್ಟಮ್ಮ ಬೆಂಚುಗಳ ಕಡೆ ತಿರುಗಿ. “ಕಿವಿಗಾದ್ರೂ ಕೇಳಿಸ್ತಾ?”

ಹಾಡಿಸುವವನು ಗಾಬರಿಯಲ್ಲಿ ಕೈ ಬೀಸಿ ಹಾಡು ಎತ್ತಿದ. ಹಿಂದಿನ ಬೆಂಚುಗಳು ಬಾಯಿ ತೆರೆಯಲಿಲ್ಲ. ನಾದಿನಿ ಮೊದಲು ಎದ್ದು ನಿಂತಳು, ಆಮೇಲೆ ಅವಳ ಸಾಲಿನವರೆಲ್ಲ ಎದ್ದರು. ಮುಂದಿನವರ ಹಾಡು ಅರ್ಧಕ್ಕೇ ನಿಂತುಹೋಯಿತು.

ಬಿಷಪ್ ಹಿರಿಯನ ಕಡೆ ನೋಡಿದರು. ಹಿರಿಯ ಪಾದ್ರಿಯ ಕಡೆ ನೋಡಿದ. ಪಾದ್ರಿ ಮೈಕನ್ನು ಅಂಗೈಯಲ್ಲಿ ಮುಚ್ಚಿಕೊಂಡು ನೆಲ ನೋಡುತ್ತಿದ್ದರು.

ಬಕೆಟ್ಟಮ್ಮ ಎಡಗಾಲನ್ನೂ ಬೋಗುಣಿಯೊಳಕ್ಕೆ ಇಟ್ಟಳು. ನೀರು ಅಂಚು ದಾಟಿ ಹಿರಿಯನ ಬೂಟಿನ ಕಡೆಗೆ ಹರಿಯಿತು.

“ನಂಗೇನು ಅರ್ಜೆಂಟಿಲ್ಲ ಸ್ವಾಮಿ,” ಎಂದು ಕುರ್ಚಿಗೆ ಒರಗಿ ಕೂತಳು.