ಸುಣ್ಣದ ಮೇಲೊಂದು ಚುಕ್ಕೆ

ಶೇವಂತೆವ್ವ ಸೆರಗು ಸಿಕ್ಕಿಸಿಕೊಂಡು, ಜನ-ಸರಕು ದಾಟಿಸಲು ಕಟ್ಟಿದ ಚಪ್ಪಟೆ ಉಕ್ಕಿನ ದೋಣಿ, ಹೊಸ ಬಾರ್ಜಿನ ಅಡಿಗೆ ತೆವಳಿದಳು. ಬೆಸುಗೆಯ ಉದ್ದಕ್ಕೂ ಬಳಿದ ಸುಣ್ಣದ ಮೇಲೆ ಟಾರ್ಚು ಹಿಡಿದಳು. ಮೇಲೆ, ಉಕ್ಕಿನ ಹೊಟ್ಟೆಯೊಳಗೆ, ವೆಲ್ಡರ್ ಅಸದ ಡೀಸೆಲ್ ಸವರುತ್ತಿದ್ದ. ಕೂದಲೆಳೆಯಷ್ಟು ಬಿರುಕಿದ್ದರೂ ಡೀಸೆಲ್ ಜಿನುಗಿ ಸುಣ್ಣ ಕಪ್ಪಾಗುತ್ತದೆಂದು ಬೆಳಿಗ್ಗೆ ಅವನೇ ಹೇಳಿಕೊಟ್ಟಿದ್ದ.

ಶೆಡ್ಡಿನ ಹೊರಗೆ ಟ್ರೇಲರ್ ಗಬ್ಬೂರ ಬೈಪಾಸಿನ ಕಡೆ ಮುಖಮಾಡಿ ನಿಂತಿತ್ತು. ನಾಳೆ ಮಧ್ಯಾಹ್ನ ಅಣೆಕಟ್ಟೆಯ ಗೇಟು ತೆಗೆಯುತ್ತಾರೆಂದು ಶೆಡ್ಡಿನ ಮಾಲಕ ಬಸವಪ್ರಭು ಮೂರನೆಯ ಸಲ ನೆನಪಿಸಿದ. ಅದು ಅವಳಿಗೆ ಗೊತ್ತಿತ್ತು. ಹೊಳೆ ಏರಿದರೆ ಬಾರ್ಜ್ ಇಳಿಸುವ ದಂಡೆಯೇ ಮುಳುಗುತ್ತದೆ. ನಡುಹೊಳೆಯ ಜಾಲಿಗಡ್ಡೆಯ ಅರವತ್ತು ಮನೆಗಳಿಗೆ ಮತ್ತೆ ಮೂರು ತಿಂಗಳು ಅವಳ ಹರಗೋಲೇ ಗತಿ. ಗೊಬ್ಬರ, ರೇಶನ್ನು, ಗ್ಯಾಸು, ಬಾಣಂತಿ, ಎಲ್ಲ ಅದರಲ್ಲೇ. ಸೊಸೆಗೆ ಎಂಟು ತಿಂಗಳೆಂದು ಚಹಾ ಕುಡಿಯುವಾಗ ಅವಳೇ ಹೇಳಿದ್ದಳು. ನೀರು ಬಲ್ಲವಳೆಂದು, ಬಾರ್ಜ್ ನೋಡಿ ಸರಿಯಿದ್ದರೆ ಒಪ್ಪಿಗೆಯ ಸಹಿ ಹಾಕಲು ಗಡ್ಡೆಯವರು ಅವಳನ್ನೇ ಕಳಿಸಿದ್ದರು.

ಚುಕ್ಕೆ ಕಂಡಿತು. ಸಾಸಿವೆಯಷ್ಟು. ನೋಡುತ್ತಿದ್ದಂತೆ ಕಡಲೆಯಷ್ಟಾಯಿತು.

ಅಸದ ಇಳಿದು ಬಂದು ಅವಳ ಪಕ್ಕದಲ್ಲೇ ಅಂಗಾತ ಮಲಗಿದ. ಬಹಳ ಹೊತ್ತು ನೋಡಿದ. ಡೀಸೆಲ್ ತೊಳೆದು ಒಣಗಿಸದೆ ಬೆಸೆದರೆ ಬೆಂಕಿ ಹತ್ತುತ್ತದೆ, ಎರಡು ದಿನ ಬೇಕು ಎಂದ. ಬೆಸುಗೆ ಅವನದೇ. ಬಸವಪ್ರಭು ಬಗ್ಗಿ ಹೆಬ್ಬೆರಳಿನಿಂದ ಚುಕ್ಕೆ ಒರೆಸಿ, ಮೇಲೆ ಸುಣ್ಣ ಸವರಿದ. ಚುಕ್ಕೆ ಮತ್ತೆ ಮೂಡಿತು.

“ಇಷ್ಟಕ್ಕ ಮುಳುಗತೈತೇನ್ರಿ ಯವ್ವಾ? ನಿಮ್ಮ ಹರಗೋಲು ದಿನಾ ಸೋರತೈತಿ ಅಂತ ನೀವ ನಗಾಕತ್ತಿದ್ರಿ.”

“ಸೋರತೈತ್ರಿ. ಸೋರಿದ್ದು ಕಾಲಿಗೆ ತಾಗತೈತಿ, ಚರಗಿಲೆ ಎತ್ತಿ ಚೆಲ್ಲತೇನಿ. ಇದರ ಹೊಟ್ಟಿ ಮುಚ್ಚೈತಿ. ಒಳಗ ತುಂಬಿದ ನೀರು ಯಾರ ಕಾಲಿಗೆ ತಾಗತೈತ್ರಿ?”

ಅಸದ ಸುಣ್ಣ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸುತ್ತಲೇ ಇದ್ದ.

ಶೇವಂತೆವ್ವ ಅಡಿಯಿಂದ ಹೊರಬಂದಾಗ ಬಸವಪ್ರಭು ದನಿ ತಗ್ಗಿಸಿದ. ಸದ್ಯಕ್ಕೆ ಪುಟ್ಟಿ ಮೆತ್ತಿ ಕಳಿಸುತ್ತೇನೆ, ನೀರೆತ್ತುವ ಪಂಪು ಪುಕ್ಕಟೆ ಕೊಡುತ್ತೇನೆ, ಹೊಳೆ ಇಳಿದ ಮೇಲೆ ಅಸದನನ್ನು ಗಡ್ಡೆಗೇ ಕಳಿಸಿ ಸರಿಮಾಡಿಸುತ್ತೇನೆ ಎಂದ. ಒಪ್ಪಿಗೆಯ ಕಾಗದ ಬಿಡಿಸಿ ಬಾರ್ಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತಾನೇ ತೆಗೆದ.

“ಸೊಸಿನ್ನರ ನೆನಸ್ಕೋರಿ. ಸಹಿ ಮಾಡಿದ್ರ ನಾಳೆ ಮುಂಜಾನೆ ಇದು ನೀರಾಗ ಇರತೈತಿ.”

ಹೊರಗೆ ಕ್ರೇನು ಶುರುವಾಯಿತು. ಕೊಕ್ಕೆ ಶೆಡ್ಡಿನ ಬಾಗಿಲಲ್ಲಿ ತೂಗಾಡಿತು. ಶೇವಂತೆವ್ವ ಪೆನ್ನು ಇಸಿದುಕೊಂಡಳು, ಮುಚ್ಚಳ ಹಾಕಿದಳು, ಕಾಗದದ ಮೇಲಿಟ್ಟಳು.

“ಇದನ್ನ ಮೊದಲ ಹತ್ತಾಕಿ ನನ್ನ ಸೊಸಿನ. ನಾ ಸಹಿ ಮಾಡಂಗಿಲ್ರಿ.”