ಹುಡುಕಿ ಬಂದ ಪತಂಗ

ಶವಪೆಟ್ಟಿಗೆ ಎತ್ತಲು ಬಗ್ಗಿದ್ದ ನಾಲ್ವರೂ ಮುದುಕಿ ಸಬೇಲಳ ದನಿಗೆ ಹಾಗೇ ನೆಟ್ಟಗಾದರು.

"ಮುಟ್ಟಬೇಡ್ರೋ. ನನ್ನ ಮಗ ಬಂದಿದಾನೆ."

ಪೆಟ್ಟಿಗೆಗೆ ಹೊದೆಸಿದ್ದ ಬಿಳಿ ಬಟ್ಟೆಯ ಮೇಲೆ ಅಂಗೈಯಗಲದ ಕಂದು ಪತಂಗವೊಂದು ಕೂತಿತ್ತು. ಫಿಲಿಪ್ಪೀನ್ಸಿನ ಬೆಂಗೆಟ್ ಬೆಟ್ಟಗಳಲ್ಲಿ ಸಾವಿನ ಮನೆಗೆ ಬಂದ ಪತಂಗವನ್ನು ಯಾರೂ ಓಡಿಸುವುದಿಲ್ಲ. ಸತ್ತವರೇ ಮನೆಯವರನ್ನು ನೋಡಿಹೋಗಲು ಬಂದಿರುತ್ತಾರೆ. ತಾನಾಗಿ ಹಾರಿಹೋಗುವ ತನಕ ಪೆಟ್ಟಿಗೆ ಏಳುವಂತಿಲ್ಲ.

ಸೊಸೆ ಕಾರ್ಮಿನಾ ಬೆಂಚಿನ ಮೇಲೆ ಕುಸಿದಳು. ಗಂಡ ಡೆಲ್ಫಿನ್ ಸತ್ತಾಗಿನಿಂದ ಕಣ್ಣಿಗೆ ನಿದ್ದೆಯಿಲ್ಲ. ಬಂದವರಿಗೆಲ್ಲ ಕಾಫಿ, ಹಂದಿಸಾರು ಬಡಿಸಿ ಬಡಿಸಿ ಸೊಂಟ ಬಿದ್ದುಹೋಗಿತ್ತು. ಸತ್ತ ಮೇಲೂ ಈ ಮನುಷ್ಯ ಪತಂಗದ ಕಾಟ ತಪ್ಪಿಸಲಿಲ್ಲವಲ್ಲ ಎಂದು ಅವಳಿಗೆ ರೇಗಿತು.

ಮಳೆ ಬರುವ ಹಾಗಿದೆ, ಗುಂಡಿಗೆ ನೀರು ತುಂಬುತ್ತದೆ ಎಂದು ಮೈದುನ ಬ್ರೂನೋ ಕಿವಿಯಲ್ಲಿ ಪಿಸುಗುಟ್ಟಿದ. "ಅಣ್ಣನ ಜೊತೆ ಇದ್ದು ನೀವೂ ಕಲ್ತಿದೀರಲ್ಲ ಅತ್ತಿಗೆ. ಗಂಡೋ ಹೆಣ್ಣೋ ನೋಡಿ ಹೇಳಿ. ಹೆಣ್ಣು ಅಂದ್ರೆ ಅಮ್ಮ ಬಿಡ್ತಾಳೆ."

* * *

ಎಲೆಕೋಸಿನ ಹೊಲದಿಂದ ಬಂದ ಸಂಜೆಗಳಲ್ಲಿ ಡೆಲ್ಫಿನ್ ಕಾಡಂಚಿಗೆ ಹೋಗಿ ಹಾಸಿಗೆಯ ಬಿಳಿ ಚಾದರ ಕಟ್ಟಿ ದೀಪ ಹಚ್ಚುತ್ತಿದ್ದ. ಬಂದು ಕೂತ ಪತಂಗಗಳ ಫೋಟೊ ತೆಗೆದು ಜಾತಿ ಗುರುತಿಸುವುದು ಅವನ ಹುಚ್ಚು. ಚಳಿಯಲ್ಲಿ ಟಾರ್ಚ್ ಹಿಡಿದು ನಿಲ್ಲುವುದು ಕಾರ್ಮಿನಾಳ ಪಾಡು.

"ಮೀಸೆ ನೋಡೇ. ಗರಿ ಥರ ಇದ್ರೆ ಗಂಡು. ವಾಸನೆ ಹಿಡಿದು ಹೆಂಡ್ತೀನ ಹುಡುಕಿಕೊಂಡು ಬರೋನು ಅವನೇ."

"ನಮ್ಮನೇಲಿ ಉಲ್ಟಾ. ನಿನ್ನ ಹುಡುಕಿಕೊಂಡು ಕಾಡಿಗೆ ಬರೋಳು ನಾನು," ಅಂದಿದ್ದಳು. ಅವನು ನಕ್ಕ ರಭಸಕ್ಕೆ ಆ ಫೋಟೊ ಕೆಟ್ಟುಹೋಗಿತ್ತು.

* * *

ಕಾರ್ಮಿನಾ ಎದ್ದುಹೋಗಿ ಬಗ್ಗಿ ನೋಡಿದಳು. ಅವನೇ ಆಗಿರಲಿ ಎಂದು ಅವಳಿಗೂ ಆಸೆಯಿತ್ತು. ಮೀಸೆ ಬರೀ ನೂಲಿನಂತೆ ತೆಳ್ಳಗಿತ್ತು. ಹೆಣ್ಣು.

ಒಂದು ಮಾತು ಹೇಳಿದರೆ ಮುಗಿಯಿತು, ಮಣ್ಣು ಮಾಡಿ ಬಂದು ಮಲಗಬಹುದು. ಅತ್ತೆ ಹಲ್ಲಿಲ್ಲದ ಬಾಯಿ ತುಸು ತೆರೆದು ಇವಳ ಮುಖವನ್ನೇ ನೋಡುತ್ತಿದ್ದಳು.

"ಅವನೇ, ಅತ್ತೆ."

ಮುದುಕಿ ಪತಂಗದ ಹತ್ತಿರ ಸರಿದು ಊಟ ಆಯಿತೇ, ಚಳಿಯೇ ಎಂದು ವಿಚಾರಿಸತೊಡಗಿದಳು. ಹೊರಗೆ ಮಳೆ ಹಿಡಿಯಿತು. ಹೊರುವವರು ತಲೆ ತಗ್ಗಿಸಿ ನಿಂತೇ ಇದ್ದರು. ಎಷ್ಟೋ ಹೊತ್ತಿಗೆ ಪತಂಗ ಎದ್ದು ಬಾಗಿಲಾಚೆ ಹಾರಿತು. ಅದು ಕೂತಿದ್ದಲ್ಲಿ ರಾಗಿಕಾಳಿನಷ್ಟು ಸಣ್ಣ ಮೊಟ್ಟೆಗಳು ಬಟ್ಟೆಗೆ ಸಾಲಾಗಿ ಅಂಟಿದ್ದವು.

ಅತ್ತೆಯ ಕಣ್ಣು ಅತ್ತ ತಿರುಗುವ ಮೊದಲೇ ಕಾರ್ಮಿನಾ ತಲೆಯ ಕರಿವಸ್ತ್ರ ಬಿಚ್ಚಿ ಅವುಗಳ ಮೇಲೆ ಹಾಸಿ ಅಂಗೈ ಇಟ್ಟಳು. ಪೆಟ್ಟಿಗೆ ಹೆಗಲಿಗೇರಿದಾಗಲೂ ತೆಗೆಯಲಿಲ್ಲ. ಪಾಪ, ಗಂಡನನ್ನು ಬಿಡಲಾರಳು ಎಂದರು ಹಿಂದಿದ್ದವರು. ಜಾರುವ ದಾರಿಯಲ್ಲಿ, ಮಳೆಗೆ ಬರಿತಲೆ ಒಡ್ಡಿ, ಕೈ ಮೇಲಕ್ಕೆ ಚಾಚಿಕೊಂಡೇ ಅವಳು ಸಮಾಧಿಯ ತನಕ ನಡೆದಳು.